ಕೊಲಂಬೊ ವಿಮಾನ ತಡವಾದ ದಿನದ ನೀರಿನ ಸರದಿ

ಹೆಸರು ಓಬಳಪ್ಪ, ವಯಸ್ಸು ಸುಮಾರು 54, ಕಸುಬು ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ, ವಾಸ ಬುಕ್ಕಾಂಬುಧಿ, ತರೀಕೆರೆ ತಾಲ್ಲೂಕು. ಹನುಮಂತಮ್ಮ ನೀರು ಕದ್ದಳೆಂದು ಪಂಚಾಕ್ಷರಪ್ಪನವರು ಕೊಟ್ಟ ದೂರಿನ ಬಗ್ಗೆ ಠಾಣೆಯಲ್ಲಿ ಕೇಳಲಾಗಿ ನಾನು ತಿಳಿಸುವುದೇನೆಂದರೆ:

ವಿಮಾನದ ಸಂಗತಿಯನ್ನು ನಮ್ಮೂರಿಗೆ ಮೊದಲು ಹೇಳಿದವರು ಪಂಚಾಕ್ಷರಪ್ಪನವರ ಅಳಿಯ ಓಂಕಾರಮೂರ್ತಿ, 1979ರ ಯುಗಾದಿಯಂದು. ಅವರು ಬೊಂಬಾಯಿ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿದ್ದು ಬಂದವರು. ದಿನಾ ನಮ್ಮ ಕೆರೆಯ ಮೇಲೆ ಹಾರುವುದು ಬೊಂಬಾಯಿಯಿಂದ ಲಂಕೆಯ ಕೊಲಂಬೊಗೆ ಹೋಗುವ ವಿಮಾನ. ದೂರ ಒಂಬೈನೂರೈವತ್ತು ಮೈಲಿ, ಪ್ರಯಾಣ ಎರಡೂಕಾಲು ಗಂಟೆ. ಹತ್ತಕ್ಕೆ ಹೊರಟು ಹನ್ನೊಂದಕ್ಕೆ ನಮ್ಮ ತಲೆಯ ಮೇಲಿರುತ್ತದೆ ಎಂದರು. ಹನುಮಪ್ಪ ಒಂದೇ ನೆಗೆತಕ್ಕೆ ಲಂಕೆಗೆ ಹೋದ, ಇದಕ್ಕೆ ಅಷ್ಟೊತ್ತು ಬೇಕೇನಪ್ಪಾ ಎಂದು ನಮ್ಮೂರ ಈರಕ್ಕ ಕೇಳಿದಳು.

ಅಲ್ಲಿಯವರೆಗೆ ಸರದಿಗೆ ಕೈಗಡಿಯಾರ ನೋಡುತ್ತಿದ್ದೆವು. ಒಬ್ಬೊಬ್ಬರ ಗಡಿಯಾರ ಅವರವರ ಗದ್ದೆಯ ಕಡೆಗೇ ಓಡುತ್ತಿತ್ತು. ವಿಮಾನಕ್ಕೆ ನಮ್ಮೂರಲ್ಲಿ ಗದ್ದೆಯಿಲ್ಲ. ಆದ್ದರಿಂದ ವಿಮಾನ ಹೋದ ಕೂಡಲೇ ಮೇಲಿನ ಗದ್ದೆಯ ನೀರು ನಿಲ್ಲಿಸಿ ಕೆಳಗಿನದಕ್ಕೆ ಬಿಡುವುದೆಂದು ಊರೆಲ್ಲ ಒಪ್ಪಿತು.

ದಿನಾಂಕ 12-4-1983ರಂದು ಬೆಳಿಗ್ಗೆ ಮೇಲಿನ ಗದ್ದೆಯ ಪಂಚಾಕ್ಷರಪ್ಪನವರ ಸರದಿ, ವಿಮಾನದ ನಂತರ ಕೆಳಗಿನ ಗದ್ದೆಯ ಹನುಮಂತಮ್ಮನದು. ಆಕೆ ನನ್ನ ಸಂಬಂಧಿಯಲ್ಲ. ಆಕೆಯ ಭತ್ತ ಹಾಲುಗಾಳಾಗಿತ್ತು. ಸಂಜೆಗೆ ಆ ವರ್ಷದ ಮಟ್ಟಿಗೆ ತೂಬು ಮುಚ್ಚುವುದಿತ್ತು. ಅಂದು ನೀರು ಸಿಗದಿದ್ದರೆ ಬರೀ ಜೊಳ್ಳು.

ಹನ್ನೊಂದಾಯಿತು, ಹನ್ನೆರಡಾಯಿತು, ವಿಮಾನವಿಲ್ಲ. ನಾನು ನೀರು ತಿರುಗಿಸಲು ಹೋದಾಗ ಪಂಚಾಕ್ಷರಪ್ಪನವರು, 'ವಿಮಾನ ಹೋಯ್ತೇನೋ ಓಬಳ? ಕಟ್ಟಳೆ ಅಂದ್ರೆ ಕಟ್ಟಳೆ ಕಣೋ' ಎಂದರು. ಎರಡು ಗಂಟೆಯವರೆಗೆ ಆಕಾಶ ನೋಡಿದ ಹನುಮಂತಮ್ಮ, 'ಅದು ಬರ್ದಿದ್ರೆ ನನ್ ಪೈರು ಸಾಯ್ಬೇಕಾ ಯಜಮಾನ್ರೇ?' ಎಂದು ಗುದ್ದಲಿಯಿಂದ ಕಾಲುವೆಯ ಬದು ಕಡಿದಳು. ಪಂಚಾಕ್ಷರಪ್ಪನವರು ಕಳ್ಳಿ ಎಂದು ಕೂಗಿ, ಆಳುಗಳಿಂದ ಬದು ಮುಚ್ಚಿಸಿ, ಠಾಣೆಗೆ ಬಂದರು. ವಿಮಾನ ನಾಲ್ಕಕ್ಕೆ ಬಂತು. ಆಮೇಲೆ ಬಿಟ್ಟ ನೀರು ಆಕೆಯ ಅರ್ಧ ಗದ್ದೆಗೂ ಸಾಲಲಿಲ್ಲ.

ಸಂಜೆ ಕೆರೆ ಏರಿಯ ಮೇಲೆ ಊರವರು ಓಂಕಾರಮೂರ್ತಿಯವರನ್ನು ಕರೆಸಿ ಕೇಳಿದರು. ದೂರ ಬದಲಾಗುವುದಿಲ್ಲ, ಹಾರುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ, ಆದರೆ ಹೊರಡುವುದೇ ತಡವಾಗಬಹುದು ಎಂದರು. 'ಆಕಾಶದಾಗೂ ಬೀರೂರು ಪ್ಯಾಸೆಂಜರ್ ರೈಲೇ ಅನ್ನು!' ಎಂದು ಅಲ್ಲಿದ್ದ ಗಿರಿಯಪ್ಪ ಹೇಳಲು ಎಲ್ಲರೂ ನಕ್ಕರು. ಪಂಚಾಕ್ಷರಪ್ಪನವರು ನಗಲಿಲ್ಲ. ವಿಮಾನದ ಒಳಗೆ ಕೂತವರಿಗೆ ನಮ್ಮ ಕೆರೆ ಕಾಣುತ್ತದೆಯೇ ಎಂದು ಅಳಿಯನನ್ನು ಕೇಳಿದರು. 'ಕೆರೆ ಒಂದ್ ಬಟ್ಟಲಷ್ಟು ಕಾಣ್ಬೋದು ಮಾವ. ಹನುಮಂತಮ್ಮನ ಗದ್ದೆ ಕಾಣಾಕಿಲ್ಲ. ನಿಮ್ದೂ ಕಾಣಾಕಿಲ್ಲ' ಎಂದರು ಅಳಿಯ.

ಈ ದಿನ ಬೆಳಿಗ್ಗೆ ಊರವರು ಮುಚ್ಚಿದ್ದ ತೂಬನ್ನು ನನ್ನಿಂದ ಮತ್ತೆ ತೆಗೆಸಿದರು. ಪಂಚಾಕ್ಷರಪ್ಪನವರು ಪಂಚೆ ಎತ್ತಿ ಕಟ್ಟಿ ಕಾಲುವೆಗಿಳಿದು, ಮುಚ್ಚಿಸಿದ್ದ ಬದುವನ್ನು ತಾವೇ ಕಡಿದರು. ಹನುಮಂತಮ್ಮ ತನ್ನ ಗುದ್ದಲಿಯನ್ನು ಅವರ ಕೈಗೆ ಕೊಟ್ಟಿದ್ದಳು.

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಕಂಡದ್ದಕ್ಕಿಂತ ಹೆಚ್ಚು ಹೇಳಿಲ್ಲ.

ಸ್ಥಳ: ಅಜ್ಜಂಪುರ
ದಿನಾಂಕ: 13-4-1983
ಓಬಳಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು