ಹನ್ನೊಂದು ದಿನದ ಶುದ್ಧ ಗಾಳಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನಮ್ಮ ಜಲಸಾರಿಗೆ ಸಂಸ್ಥೆಯ ವ್ಯವಸ್ಥಾಪಕರೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಎರಡೂ ದಡಗಳ ಪ್ರಯಾಣಿಕರೇ, ಇಂಜಿನ್ ಕೋಣೆಯ ನನ್ನ ಒಡನಾಡಿಗಳೇ, ಮೊದಲನೇ ಸಾಲಿನಲ್ಲಿ ಕೂತು ‘ಬೇಗ ಮುಗಿಸಿ’ ಎಂದು ಈಗಲೇ ಕಣ್ಸನ್ನೆ ಮಾಡುತ್ತಿರುವ ನನ್ನ ಹೆಂಡತಿಯೂ ಸೇರಿದಂತೆ ಸಮಸ್ತ ಸಭಿಕರೇ,

ಮೂವತ್ತೊಂದು ವರ್ಷ ದೊಡ್ಡ ಫೆರಿಯ ಇಂಜಿನ್ ಪಕ್ಕ ನಿಂತು ಕಿರುಚಿಯೇ ಮಾತಾಡಿದವನು ನಾನು. ಮೈಕು ಕೊಟ್ಟಿದ್ದಾರೆ, ನನಗೆ ಅದು ಬೇಕಾಗಿಲ್ಲ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯೇ? ತಲೆ ಆಡಿಸುತ್ತಿದ್ದೀರಿ. ನಿಜಕ್ಕೂ ಕೇಳಿಸಿ ಆಡಿಸುತ್ತಿದ್ದೀರೋ, ಮರ್ಯಾದೆಗೆ ಆಡಿಸುತ್ತಿದ್ದೀರೋ, ನನಗೆ ಅನುಮಾನ. ನಗಬೇಡಿ. ಸಂಸ್ಥೆಯಲ್ಲಿ ನನ್ನ ಹೆಸರೇ ಅನುಮಾನದ ಮೇಸ್ತ್ರಿ ಎಂದು. ಡೀಸೆಲ್ ಟ್ಯಾಂಕರ್ ಬಂದರೆ ಮೂಸಿ ನೋಡದೆ ಇಳಿಸಿಕೊಂಡವನಲ್ಲ. ಹೊಸ ನಟ್ಟನ್ನು ಹಳೆಯ ನಟ್ಟಿನ ಪಕ್ಕ ಇಟ್ಟು ನೋಡದೆ ತಿರುಗಿಸಿದವನಲ್ಲ. ಮದುವೆಗೆ ಮುಂಚೆ ನನ್ನ ಮಾವ ‘ಮಗಳು ತುಂಬ ಸಾಧು’ ಎಂದಾಗಲೂ ಅನುಮಾನ ಬಂದಿತ್ತು. ಅದು ಸರಿಯಾದ ಅನುಮಾನವೇ ಆಗಿತ್ತು ಎಂಬುದಕ್ಕೆ ಮೊದಲನೇ ಸಾಲೇ ಸಾಕ್ಷಿ.

ಈ ಫಲಕದ ಮೇಲೆ ಏನು ಬರೆದಿದ್ದಾರೆ ನೋಡಿ. ‘ಜೆಟ್ಟಿಯ ಗಾಳಿಯನ್ನು ಶುದ್ಧಗೊಳಿಸಿದ ಕರ್ಮಯೋಗಿ.’ ಮೂವತ್ತೊಂದು ವರ್ಷದಲ್ಲಿ ಕೂರಲು ಒಂದು ಗಟ್ಟಿ ಸ್ಟೂಲು ಕೇಳಿದ್ದೆ, ಬರಲಿಲ್ಲ. ನಿವೃತ್ತಿಯಾಗಿ ಒಂದು ತಿಂಗಳಿಗೆ ಕರ್ಮಯೋಗಿ ಆಗಿಬಿಟ್ಟೆ. ಯಾಕೆ? ಇದ್ದಕ್ಕಿದ್ದ ಹಾಗೆ ಯಾಕೆ?

ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಾಳಿಯ ವಿಷಯ.

ಫೆರಿ ದಡಕ್ಕೆ ಬಂದಾಗ ಅದನ್ನು ಹಗ್ಗ ಹಾಕಿ ಕಟ್ಟುತ್ತಾರೆ ಎಂದು ನಿಮ್ಮಲ್ಲಿ ಬಹಳ ಜನ ತಿಳಿದಿರಬಹುದು. ನಾವು ಕಟ್ಟುತ್ತಿರಲಿಲ್ಲ. ಹಗ್ಗ ಹಾಕಿ ಬಿಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ. ಅದಕ್ಕೆ ಇಂಜಿನ್ ಓಡಿಸುತ್ತಲೇ ಫೆರಿಯ ಮೂತಿಯನ್ನು ಜೆಟ್ಟಿಯ ಕಟ್ಟೆಗೆ ಒತ್ತಿ ಹಿಡಿಯುತ್ತಿದ್ದೆವು. ನೀವು ಇಳಿದು ಹತ್ತುವ ಎಂಟು ಹತ್ತು ನಿಮಿಷವೂ ಇಂಜಿನ್ ಗೋಡೆ ತಳ್ಳುತ್ತಾ ನಿಂತಿರುತ್ತಿತ್ತು. ಆ ಹೊಗೆಯೆಲ್ಲ ಎಲ್ಲಿಗೆ ಹೋಗುತ್ತಿತ್ತು? ನೇರವಾಗಿ ಜೆಟ್ಟಿಯ ಟಿಕೆಟ್ ಕೌಂಟರಿಗೆ. ಕೌಂಟರಿನೊಳಗೆ ಕೂತಿದ್ದವರು ಯಾರು? ಹತ್ತೊಂಬತ್ತು ವರ್ಷ ಅಲ್ಲಿ ಕೂತಿದ್ದವಳು ನನ್ನ ಹೆಂಡತಿ.

ಅವಳಿಗೆ ಕೆಮ್ಮು ಶುರುವಾದಾಗ ನಾನು ಎಲ್ಲದರ ಮೇಲೂ ಅನುಮಾನಪಟ್ಟೆ. ಅಡುಗೆಮನೆಯ ಒಗ್ಗರಣೆ ಇರಬಹುದು ಎಂದೆ. ಹಳೇ ದಿಂಬು ಇರಬಹುದು ಎಂದು ದಿಂಬು ಎಸೆದೆ. ಡಾಕ್ಟರು ‘ಹೊಗೆ ಇರೋ ಕಡೆ ಕೆಲಸ ಮಾಡ್ತೀರಾ?’ ಎಂದು ಕೇಳಿದಾಗ, ಈತನಿಗೆ ಓದು ಸಾಲದು ಎಂದು ಡಾಕ್ಟರನ್ನೇ ಬದಲಾಯಿಸಿದೆ. ಎರಡನೆಯವರೂ ಅದನ್ನೇ ಕೇಳಿದರು. ಇಬ್ಬರೂ ಒಂದೇ ಕಾಲೇಜಿನವರು ಇರಬೇಕು ಎಂದುಕೊಂಡೆ.

ಆ ಹೊತ್ತಿಗೆ, ಅಂದರೆ ಮೂರು ವರ್ಷದ ಹಿಂದೆ, ನಾವು ‘ಹೊಗೆ ಮೇಡಂ’ ಎಂದು ಹೆಸರಿಟ್ಟವರು ಬಂದರು, ಸಂಸ್ಥೆಯೇ ಗೊತ್ತುಮಾಡಿ ಕರೆಸಿದ್ದವರು. ಅವರ ಕೆಲಸ ಗಾಳಿ ಅಳೆಯುವುದು. ಊಟದ ಡಬ್ಬಿಯಷ್ಟಿದ್ದ ಒಂದು ಯಂತ್ರವನ್ನು ಕೌಂಟರಿನ ಗೋಡೆಗೆ ತೂಗುಹಾಕಿದರು. ಹನ್ನೊಂದು ದಿನ ಅಲ್ಲಿರುತ್ತದೆ, ದಿನಾ ಸಂಜೆ ಬಂದು ಓದಿಕೊಂಡು ಹೋಗುತ್ತೇನೆ ಎಂದರು. ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು. ಗಾಳಿ ಕೆಟ್ಟಿದೆ ಎಂದು ಬರೆಯುತ್ತಾರೆ. ಇಂಜಿನ್ ಹಳೆಯದು ಎನ್ನುತ್ತಾರೆ. ಬ್ಯಾಟರಿ ಫೆರಿ ತರುತ್ತಾರೆ. ಬ್ಯಾಟರಿ ಫೆರಿಗೆ ಡೀಸೆಲ್ ಮೇಸ್ತ್ರಿ ಯಾಕೆ? ಆ ಹನ್ನೊಂದು ದಿನ ನಾನು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಜೆಟ್ಟಿಗೆ ಬರುತ್ತಿದ್ದೆ. ಬ್ರೆಡ್ಡಿನ ಪೊಟ್ಟಣದ ಆ ಪಾಲಿಥಿನ್ ಕವರ್ ಇದೆಯಲ್ಲ, ಅದು...

ಬಾಯಿಂದ ಜಾರಿತು.

ಇದನ್ನು ಕೊನೆಯಲ್ಲಿ ನಿಧಾನವಾಗಿ ಹೇಳೋಣ ಎಂದು ಬರೆದುಕೊಂಡು ಬಂದಿದ್ದೆ. ಜಾರಿದ್ದಾಯಿತು, ಈಗಲೇ ಹೇಳಿಬಿಡುತ್ತೇನೆ. ಆ ಯಂತ್ರದ ಬಾಯಿಗೆ ದಿನಾ ಬೆಳಿಗ್ಗೆ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದವನು ನಾನು. ಸಂಜೆ ಮೇಡಂ ಬರುವ ಮುಂಚೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದವನೂ ನಾನು. ವ್ಯವಸ್ಥಾಪಕರು ನೀರು ಕುಡಿಯುತ್ತಿದ್ದಾರೆ. ಕುಡಿಯಲಿ.

ಹನ್ನೊಂದು ದಿನದ ವರದಿ ಬಂತು. ಜೆಟ್ಟಿಯ ಗಾಳಿ ಶುದ್ಧ! ಸಂಸ್ಥೆಗೆ ಖುಷಿ, ನನಗೂ ಖುಷಿ. ಖುಷಿಯಾಗದೆ ಉಳಿದವರು ಮೇಡಂ ಒಬ್ಬರೇ. ‘ನನ್ನ ಕರ್ಚೀಫು ಕಪ್ಪಾಗುತ್ತೆ, ಡಬ್ಬ ಮಾತ್ರ ಗಾಳಿ ಚೆನ್ನಾಗಿದೆ ಅನ್ನುತ್ತೆ. ಇದು ಹೇಗೆ?’ ಎಂದು ಕೌಂಟರಿನಲ್ಲಿ ನನ್ನ ಹೆಂಡತಿಯನ್ನು ಕೇಳಿದರಂತೆ. ಆಮೇಲೆ ಬೆಂಕಿಪೊಟ್ಟಣದಷ್ಟೇ ಇದ್ದ ಇನ್ನೊಂದು ಯಂತ್ರ ತೆಗೆದು, ‘ಅಕ್ಕಾ, ಇದನ್ನ ಒಂದು ವಾರ ಕುತ್ತಿಗೆಗೆ ಹಾಕ್ಕೊಂಡು ಕೂತಿರ್ತೀರಾ?’ ಎಂದರಂತೆ. ಇವಳು ಹೂಂ ಎಂದಳು. ನನ್ನನ್ನು ಕೇಳಲೇ ಇಲ್ಲ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು:

“ಆ ಡಬ್ಬಕ್ಕೆ ಕವರ್ ಕಟ್ಟಿದ್ದು ಯಾರು ಅಂತ ನಾನು ಕೇಳಲ್ಲ. ಯಾಕೆ ಅಂತ ಮಾತ್ರ ಹೇಳಿ.”

“ನಮಗೋಸ್ಕರ ಕಣೇ. ಆ ಇಂಜಿನ್ ಹೋದ್ರೆ ನಾನೂ ಹೋದ ಹಾಗೆ. ನಮ್ಮ ಅನ್ನ ಅಲ್ಲಿಂದ ಬರ್ತಿದೆ.”

“ನನ್ನ ಕೆಮ್ಮೂ ಅಲ್ಲಿಂದಾನೇ ಬರ್ತಿದೆ ರೀ.”

ನಾನು ಪೇಪರ್ ಓದುವವನ ಹಾಗೆ ಮುಖ ಮುಚ್ಚಿಕೊಂಡೆ.

ವಾರ ಕಳೆದ ಮೇಲೆ ಮೇಡಂ ಇಂಜಿನ್ ಕೋಣೆಗೇ ಇಳಿದು ಬಂದರು. ಕಡಿದಾದ ಕಬ್ಬಿಣದ ಏಣಿ, ಮೆಟ್ಟಿಲ ಮೇಲೆಲ್ಲ ಎಣ್ಣೆ. ಯಾವ ಅಧಿಕಾರಿಯೂ ಅಲ್ಲಿಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ಕುತ್ತಿಗೆಯ ಯಂತ್ರದ ಲೆಕ್ಕವನ್ನು ಗೆರೆಯಾಗಿ ಎಳೆದಿದ್ದ ಉದ್ದನೆಯ ಒಂದು ಕಾಗದವನ್ನು ನನ್ನ ಟೂಲ್ ಪೆಟ್ಟಿಗೆಯ ಮೇಲೆ ಹರಡಿದರು.

“ಇದೇನು ಮೇಡಂ, ಗರಗಸದ ಹಲ್ಲಿನ ಥರ ಇದೆ?”

“ಹೊಗೆ ಏರಿದಾಗೆಲ್ಲ ಒಂದು ಹಲ್ಲು ಬರುತ್ತೆ ಮೇಸ್ತ್ರಿಗಳೇ. ದಿನಕ್ಕೆ ಸರಿಯಾಗಿ ಹದಿಮೂರು ಸಲ ಏರುತ್ತೆ. ನಂಗೆ ಅರ್ಥ ಆಗ್ತಿಲ್ಲ. ನಿಮಗೇನಾದ್ರೂ ಗೊತ್ತಾಗುತ್ತಾ?”

ಕೆಳಗೆ ಗಂಟೆ ಬರೆದಿತ್ತು. ಏಳು ಹತ್ತು. ಎಂಟು ಹತ್ತು. ಒಂಬತ್ತು ಹತ್ತು. ಮುಂದಿನದನ್ನು ಓದುವ ಅಗತ್ಯ ನನಗಿರಲಿಲ್ಲ. ಅದು ನನ್ನ ಟೈಮ್‌ಟೇಬಲ್. ಮಂಗಳವಾರ ಮಾತ್ರ ಗೆರೆ ಉದ್ದಕ್ಕೂ ನೆಲಕ್ಕೆ ಮಲಗಿತ್ತು. ಮಂಗಳವಾರ ಪ್ರೊಪೆಲರಿಗೆ ಮೀನಿನ ಬಲೆ ಸುತ್ತಿಕೊಂಡು ನಮ್ಮ ಫೆರಿ ಇಡೀ ದಿನ ಓಡಿರಲಿಲ್ಲ. ಒಗ್ಗರಣೆ ಮಂಗಳವಾರವೂ ಹಾಕಿದ್ದಳಲ್ಲ? ದಿಂಬನ್ನು ಎಸೆದು ಎಷ್ಟೋ ದಿನ ಆಗಿತ್ತಲ್ಲ?

ಮೇಡಮ್ಮಿಗೆ ನಿಜವಾಗಿ ಅರ್ಥವಾಗಿರಲಿಲ್ಲವೋ, ನನ್ನ ಬಾಯಿಂದಲೇ ಬರಲಿ ಎಂದು ಕೇಳಿದರೋ, ನನಗೆ ಇವತ್ತಿಗೂ ಅನುಮಾನ. ನಾನು “ಗೊತ್ತಾಗಲ್ಲ ಮೇಡಂ” ಎಂದೆ. ಅವರು ಕಾಗದ ಸುತ್ತಿಕೊಂಡು ಏಣಿ ಹತ್ತಿದರು.

ಇನ್ನು ನನ್ನ ಜೀವನದ ಅತಿ ಸಣ್ಣತನದ ಕೆಲಸದ ಬಗ್ಗೆ ಹೇಳುತ್ತೇನೆ. ಎರಡು ಯಂತ್ರ, ಎರಡು ಮಾತು. ಒಂದು ಶುದ್ಧ ಎನ್ನುತ್ತದೆ, ಇನ್ನೊಂದು ಕೊಳಕು ಎನ್ನುತ್ತದೆ. ಸಂಸ್ಥೆಯವರು ಗೋಡೆಯ ಡಬ್ಬವನ್ನು ನಂಬಿದರು. ಕುತ್ತಿಗೆಯ ಯಂತ್ರ ಕೆಟ್ಟಿದೆ, ಮೇಡಂ ಬೇಜವಾಬ್ದಾರಿ ಎಂದು ಬರೆದು ಅವರನ್ನು ಆ ಕೆಲಸದಿಂದ ತೆಗೆದರು. ಆ ದಿನ ನಾನೊಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಜೆಟ್ಟಿಯ ಮೇಲೆ ಎರಡೂ ಡಬ್ಬ ಎದೆಗವಚಿಕೊಂಡು ಅವರು ನಡೆದು ಹೋಗುವುದನ್ನು ಇಂಜಿನ್ ಕೋಣೆಯ ಗುಂಡು ಕಿಟಕಿಯಿಂದ ನೋಡಿದೆ.

ಮರುದಿನ ಏಳು ಹತ್ತಕ್ಕೆ ಫೆರಿ ಜೆಟ್ಟಿಗೆ ತಾಗಿದಾಗ ಹಗ್ಗ ಹಾಕಲು ಹೇಳಿ, ಇಂಜಿನ್ ಆಫ್ ಮಾಡಿದೆ.

ಮೇಲಿನಿಂದ ಕ್ಯಾಪ್ಟನ್ ಕೂಗಿದರು: “ಏನ್ರೀ ಮೇಸ್ತ್ರಿ, ಇಂಜಿನ್ ಸತ್ತೋಯ್ತಾ?”

“ಸತ್ತಿಲ್ಲ ಕ್ಯಾಪ್ಟನ್, ಮಲಗಿಸಿದ್ದೀನಿ.”

“ಮತ್ತೆ ಏಳದೇ ಇದ್ರೆ?”

“ಹಿಂದಿನಿಂದ ಈಜ್ಕೊಂಡು ತಳ್ತೀನಿ!”

ಬಾಯಲ್ಲಿ ಜೋರು, ಆದರೆ ಸ್ಟಾರ್ಟರಿನ ಮೇಲಿಂದ ಕೈ ತೆಗೆದಿರಲಿಲ್ಲ. ಇಂಜಿನ್ ನಿಂತ ಮೇಲೆ ಆ ಕೋಣೆಯಲ್ಲಿ ಬಂದ ಮೌನ ಎಂಥದ್ದು ಎಂದು ಹೇಗೆ ಹೇಳಲಿ? ಅಷ್ಟು ವರ್ಷದಲ್ಲಿ ಮೊದಲ ಸಲ ಜೆಟ್ಟಿಯ ಸದ್ದು ನನಗೆ ಕೆಳಗೆ ಕೇಳಿಸಿತು. ಚಪ್ಪಲಿಗಳ ಸದ್ದು. ಸೈಕಲ್ ಬೆಲ್ಲು. “ಸಾಲಲ್ಲಿ ಬನ್ನಿ, ಸಾಲಲ್ಲಿ” ಎಂಬ ನನ್ನ ಹೆಂಡತಿಯ ದನಿ. ಅದರ ಹಿಂದೆಯೇ ಅವಳ ಕೆಮ್ಮು. ಒಂದಲ್ಲ, ಎರಡಲ್ಲ. ಮನೆಯಲ್ಲಿ ಕೇಳುತ್ತಿದ್ದುದು ಸಂಜೆಯ ಉಳಿದ ಕೆಮ್ಮು. ದಿನವಿಡೀ ಕೆಮ್ಮುತ್ತಿದ್ದುದು ನನಗೆ ಹತ್ತು ಗಜ ದೂರದಲ್ಲಿ, ನನ್ನ ಇಂಜಿನ್ನಿನ ಸದ್ದಿನ ಆಚೆ.

ಇಂಜಿನ್ ಎದ್ದಿತು. ನಾಲ್ಕನೇ ದಿನ ಏಳಲಿಲ್ಲ. ಹದಿನೇಳು ನಿಮಿಷ ನಿಂತೆವು. ಆವತ್ತು ನನ್ನ ವಂಶವನ್ನೆಲ್ಲ ನೆನೆದು ಬೈದ ಪ್ರಯಾಣಿಕರು ಈ ಸಭೆಯಲ್ಲೂ ಇದ್ದೀರಿ, ಮುಖ ಗುರುತಿದೆ. ಆಮೇಲೆ ಹೊಸ ಬ್ಯಾಟರಿ ಹಾಕಿಸಿದೆ, ಡೀಸೆಲ್ ಚಿಮ್ಮಿಸುವ ನಾಝಲ್ಲುಗಳನ್ನೆಲ್ಲ ಬಿಚ್ಚಿ ತೊಳೆದೆ. ಹೊಗೆ ಕರಿ ಬಣ್ಣದಿಂದ ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ತೆಳ್ಳಗಾಯಿತು. ನೀವು ಗಮನಿಸಿದಿರಿ, ಪತ್ರಿಕೆಯವರು ಬರೆದರು. ಬರೆದ ಮೇಲೆ ಸಂಸ್ಥೆ ಎಚ್ಚೆತ್ತು ಹೊಗೆ ಕೊಳವೆಗೆ ಫಿಲ್ಟರ್ ಹಾಕಿಸಿತು. ಅದಕ್ಕೆ ಕೃತಜ್ಞತೆ ಇದೆ. ಹೆಂಡತಿಯ ಕೆಮ್ಮು ಪೂರ್ತಿ ಹೋಗಿಲ್ಲ, ಮೆಟ್ಟಿಲು ಹತ್ತಿದರೆ ನಿಲ್ಲುತ್ತಾಳೆ. ಡಾಕ್ಟರು, ಆ ಮೊದಲನೆಯವರೇ, ಇಷ್ಟೇ ಉಳಿಯುತ್ತದೆ ಎಂದಿದ್ದಾರೆ.

ಇನ್ನು ಫಲಕ ಯಾಕೆ ಎಂಬ ಪ್ರಶ್ನೆ.

ಇಲ್ಲಿಂದ ಮೇಲಕ್ಕಿರುವ ಇನ್ನೊಂದು ಜೆಟ್ಟಿಯಲ್ಲಿ ನಮ್ಮ ಸಂಸ್ಥೆಯ ಎರಡನೇ ಫೆರಿ ಓಡುತ್ತದೆ. ಅದು ಇವತ್ತಿಗೂ ಇಂಜಿನ್ ಓಡಿಸುತ್ತಲೇ ದಡ ಒತ್ತುತ್ತದೆ. ಅಲ್ಲಿನ ಕೌಂಟರಿನಲ್ಲಿ ಕೂರುವವಳು ನನ್ನ ಹೆಂಡತಿ ಕೈಹಿಡಿದು ಕೆಲಸ ಕಲಿಸಿದ ಹುಡುಗಿ. ಅವಳಿಗೂ ಈಗ ಗಂಟಲು ಕೆರೆತ ಶುರುವಾಗಿದೆ. ಅಲ್ಲಿನ ಪ್ರಯಾಣಿಕರು ಅರ್ಜಿ ಕೊಟ್ಟಿದ್ದಾರೆ. ಅದಕ್ಕೆ ಸಂಸ್ಥೆ ಸಿದ್ಧಮಾಡಿರುವ ಉತ್ತರ ಏನು? ‘ಇಂಜಿನ್ ಓಡುತ್ತಿದ್ದಾಗಲೂ ಜೆಟ್ಟಿಯ ಗಾಳಿ ಶುದ್ಧವಾಗಿಯೇ ಇತ್ತು, ಹನ್ನೊಂದು ದಿನದ ವರದಿ ನೋಡಿ.’ ನನ್ನ ಕವರಿನ ವರದಿ!

ಹೋದ ವಾರ ವ್ಯವಸ್ಥಾಪಕರು ನಮ್ಮ ಮನೆಗೆ ಬಂದು, ಸನ್ಮಾನದ ಸುದ್ದಿ ಹೇಳಿ, ಚಹಾ ಕುಡಿದು, ಒಂದು ಪತ್ರ ಮುಂದಿಟ್ಟರು. ಆ ಹನ್ನೊಂದು ದಿನವೂ ಯಂತ್ರ ಸರಿಯಾಗಿತ್ತು, ಯಾರೂ ಮುಟ್ಟಿಲ್ಲ, ಇದನ್ನು ನಾನು ಕಣ್ಣಾರೆ ಬಲ್ಲೆ ಎಂದು ಅದರಲ್ಲಿತ್ತು. “ಸುಮ್ನೆ ಒಂದು ಸಹಿ ಮೇಸ್ತ್ರಿ, ಫೈಲಿಗೆ” ಎಂದರು. ಸ್ವಾಮಿ, ಇಷ್ಟು ಜನರಲ್ಲಿ ನನ್ನ ಸಹಿಯೇ ಯಾಕೆ ಬೇಕಾಯಿತು? ನಾನೇ ಕಟ್ಟಿದವನೆಂದು ನಿಮಗೆ ಗೊತ್ತಿತ್ತೇ? ಹತ್ತನೇ ದಿನ ಬೆಳಿಗ್ಗೆ ನಾನು ರಬ್ಬರ್ ಬ್ಯಾಂಡ್ ಬಿಗಿದು ತಿರುಗಿದಾಗ ನೀವು ಕೌಂಟರಿನ ಪಕ್ಕ ನಿಂತಿದ್ದಿರಿ. ನನ್ನ ಅನುಮಾನವನ್ನು ಸಭೆಯ ಮುಂದೆ ಇಟ್ಟಿದ್ದೇನೆ, ಉತ್ತರ ನಿಮ್ಮದು.

ಆ ಪತ್ರಕ್ಕೆ ನಾನು ಸಹಿ ಮಾಡಿಲ್ಲ. ಅದರ ಬೆನ್ನಿಗೆ, ಯಾವ ದಿನ ಎಷ್ಟು ಹೊತ್ತಿಗೆ ಕವರ್ ಕಟ್ಟಿದೆ, ಎಷ್ಟು ಹೊತ್ತಿಗೆ ಬಿಚ್ಚಿದೆ ಎಂದು ನನ್ನ ಕೈಯಾರೆ ಬರೆದು ಅದಕ್ಕೆ ಸಹಿ ಮಾಡಿದ್ದೇನೆ. ಅಧ್ಯಕ್ಷರೇ, ಇಗೋ, ತೆಗೆದುಕೊಳ್ಳಿ. ಮುಖ್ಯ ಅತಿಥಿಗಳ ಕೈಯಲ್ಲಿ ಒಂದು ಪ್ರತಿ ಆಗಲೇ ಇದೆ. ಇನ್ನೊಂದು ನನ್ನ ಹೆಂಡತಿಯ ಚೀಲದಲ್ಲಿದೆ. ನಾಳೆ ಬೆಳಿಗ್ಗೆ ನನಗೇ ಹೆದರಿಕೆಯಾಗಿ ಮಾತು ಬದಲಿಸಿದರೆ? ನನ್ನ ಮೇಲೂ ನನಗೆ ಅನುಮಾನವಿದೆ. ಅವಳು ಬಿಡುವವಳಲ್ಲ.

ಬಾಗಿಲ ಹತ್ತಿರ, ಕಂಬದ ಪಕ್ಕ ನಿಂತಿದ್ದಾರಲ್ಲ, ಅವರು ಆಹ್ವಾನ ಪತ್ರಿಕೆಯಲ್ಲಿ ಇಲ್ಲದವರು. ನಾನೇ ಕಾಗದ ಬರೆದು ಕರೆಸಿದೆ. ಮೇಡಂ, ಮೂರು ವರ್ಷ ತಡವಾಯಿತು. ನಿಮ್ಮ ಯಂತ್ರ ಕೆಟ್ಟಿರಲಿಲ್ಲ, ನಿಮ್ಮ ಕೆಲಸ ಕೆಟ್ಟಿರಲಿಲ್ಲ, ಕೆಟ್ಟಿದ್ದವನು ನಾನು. ನೀವು ಕ್ಷಮಿಸದೇ ಇದ್ದರೆ ಅದು ನಿಮ್ಮ ಹಕ್ಕು. ಅಯ್ಯೋ, ಅಲ್ಲೇ ನಿಂತಿರಿ, ಹೋಗಬೇಡಿ. ಯಾರಾದರೂ ಅವರಿಗೆ ಒಂದು ಕುರ್ಚಿ ಕೊಡಿ. ಬೇಡ, ನನ್ನ ಕುರ್ಚಿ ವೇದಿಕೆಯ ಮೇಲೆ ಖಾಲಿ ಇದೆ. ಬನ್ನಿ ಮೇಡಂ, ಇಲ್ಲಿ ಮೆಟ್ಟಿಲಿಗೆ ಎಣ್ಣೆ ಇಲ್ಲ.

ಬರುತ್ತಿದ್ದಾರೆ. ನಾನು ಕೆಳಗೆ ಹೆಂಡತಿಯ ಪಕ್ಕ ಕೂರುತ್ತೇನೆ. ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೆಲ್ಲ, ನಡುವೆ ಮೈಕು ಕಿತ್ತುಕೊಳ್ಳದ ಸಂಸ್ಥೆಯವರಿಗೂ, ನನ್ನ ಕೃತಜ್ಞತೆ. ಎಲ್ಲರಿಗೂ ನಮಸ್ಕಾರ.