ತುಂಬಿದ ಹೊಳೆಗೆ ಬಳಚು ಹೆಕ್ಕಲು ಹೋದವನು

ಬೈಯೂದಾದ್ರೆ ಬೈದು ಮುಗಿಸು ಲಕ್ಕಕ್ಕ, ಹೀಗೆ ನೋಡ್ಬೇಡ. ಒದ್ದೆ ಪ್ಯಾಂಟು ತಾನೇ, ಒಣಗ್ತದೆ. ಹೊಳೇಲಿ ಕಾಲು ಜಾರ್ತು, ದೋಣಿ ನಡೆಸೂ ಹಮ್ಮ ಕೈ ಕೊಟ್ಟು ಮೇಲೆತ್ತಿದ, ನೇರ ನಿನ್ನ ಮನೆಗೆ ಬಂದೆ. ಆತಲ್ಲ? ನೀನು ಕತ್ತಿ ಹಿಡಿದು ಚಿಪ್ಪಿಂದ ಬಳಚು ಬಿಡಿಸು, ನಿನ್ನ ಕೆಲಸ ನಿಲ್ಲೂದು ಬೇಡ.

ಎಂತಕ್ಕೆ ಹೊಳೆಗೆ ಇಳಿದೆ ಅಂತ್ಯಾ? ನಿನ್ನಿಂದ್ಲೇ! ನಗ್ಬೇಡ... ನಿಜ. ನಾಡಿದ್ದು ಹೊನ್ನಾವರದಲ್ಲಿ ನನ್ನ ಭಾಷಣ ಅದೆ. 'ದಿನದಿನವೂ ಖುಷಿಯಾಗಿರಿ' ಅಂತ. ದಿನಕರ ಸರ್ ಮಾತಾಡಿದ್ರೆ ಸತ್ತವನೂ ಎದ್ದು ಕೂರ್ತಾನೆ ಅಂತಾರೆ ಜನ ನಿನ್ನ ತಮ್ಮನ ಬಗ್ಗೆ, ಗೊತ್ತುಂಟಾ ನಿಂಗೆ?

ಆದ್ರೆ ಹೊಸತು ಎಂತ ಹೇಳೂದು? ಕನ್ನಡಿ ಮುಂದೆ ನಗಿ, ಬೆಳಿಗ್ಗೆ ಎದ್ದು ದೇವರಿಗೆ ಥ್ಯಾಂಕ್ಸ್ ಹೇಳಿ... ಹೇಳಿ ಹೇಳಿ ಬಾಯಿ ಸಪ್ಪೆ ಆಗಿದೆ. ನಾನೂ ಮಾಡ್ದೆ ಮಾರಾಯ್ತಿ! ಕನ್ನಡಿ ಮುಂದೆ ನಿಂತು ನಕ್ಕೆ. ನನ್ನ ಹೆಂಡ್ತಿ ರೋಹಿಣಿ ಬಾಗಿಲಲ್ಲಿ ನಿಂತು, "ಹಲ್ಲು ನೋವಾ ನಿಮಗೆ?" ಅಂತ ಕೇಳಿದ್ಲು! ...ನೋಡು, ಅದಕ್ಕೂ ನಗ್ತಿ.

ನಿನ್ನ ನೋಡಿದ್ರೆ ಸಿಟ್ಟು ಬರ್ತದೆ ಅಕ್ಕ. ಸೊಂಟ ನೋವು ಅಂತಿ, ಬಳಚಿಗೆ ರೇಟಿಲ್ಲ ಅಂತಿ, ಭಾವನ ಮೇಲೆ ದಿನಾ ಗೊಣಗ್ತಿ. ಹೊಳೆ ನೀರು ಇಳಿತ ಆತು ಅಂದ್ರೆ ಮಾತ್ರ ಬುಟ್ಟಿ ಹಿಡಕಂಡು ಹೊರಟೇ ಬಿಡ್ತಿ! ಸೀರೆ ಎತ್ತಿ ಕಟ್ಟಿ, ಆ ಪಕ್ಕದ್ಮನೆ ಸೀತೆ ಸಂಗ್ತಿ ಹರಟೆ ಹೊಡೀತಾ... ಎಂತ ಅದೆ ಆ ಕೆಸರಲ್ಲಿ? ಹೇಳು! ಕೇಳಿದ್ರೆ "ಸಾರಿಗೆ ಬೇಕಲ್ಲ" ಅಂತಿ. ತುಂಬಿದ ಹಾಲ್‌ನಲ್ಲಿ ಮೈಕ್ ಹಿಡಿದು "ಸಾರಿಗೆ ಬೇಕಲ್ಲ" ಅನ್ಲಾ ನಾನು?

ಅದಕ್ಕೇ, ನಾನೇ ಇಳಿದು ನೋಡುವಾ ಅಂತ... ಬಳಚು ಹೆಕ್ಕುವಾ ಅಂತ ಹೋದೆ.

ಎಂತಾತು? ಕತ್ತಿ ಯಾಕೆ ಕೆಳಗಿಟ್ಟೆ?

ಭರತದ ನೀರು ಏರಿತ್ತು, ಹೌದು. ಮರೆತುಹೋಯ್ತು. ಕುಮಟೆ ಆಫೀಸಲ್ಲಿ ಕೂರುವವನಿಗೆ ಭರತ, ಇಳಿತ ಎಲ್ಲ ಎಲ್ಲಿ ನೆನಪಿರ್ತದೆ... ಹಾಗೆ ನೋಡ್ಬೇಡ ಅಂದೆ! ಇದೇ ಹೊಳೆದಂಡೆಯಲ್ಲಿ ಹುಟ್ಟಿದವ ನಾನು, ಸರಿ. ಹೊಳೆ ತುಂಬಿದ್ದು ಕುರುಡನಿಗೂ ಗೊತ್ತಾಗ್ತದೆ, ಅದೂ ಸರಿ. ನೀರು ತುಂಬಿದಾಗ ಬಳಚು ಹೆಕ್ಕೂಕೆ ಯಾರೂ ಹೋಗೂದಿಲ್ಲ. ...ಬುಟ್ಟಿ? ಇಲ್ಲ. ಬುಟ್ಟಿ ತಗಂಡು ಹೋಗಿರ್ಲಿಲ್ಲ.

ಮಾತಾಡು ಅಕ್ಕ. ಎಂತಾದ್ರೂ ಬೈ.

...ಭಾಷಣ ಇಲ್ಲ. ಯಾರೂ ಕರೀಲಿಲ್ಲ. ಕರೆದ್ರೂ ಹೋಗೂಕೆ ಆಗೂದಿಲ್ಲ ನನ್ನಿಂದ. ಊರಿಗೆಲ್ಲ ಏಳಿ, ಏಳಿ ಅಂತ ಹೇಳ್ತೆ, ನಂಗೇ ಹಾಸಿಗೆ ಬಿಟ್ಟು ಏಳೂಕೆ ಮನಸಿಲ್ಲ. ಊಟ ಬೇಡ, ಮಾತು ಬೇಡ, ಎಂತದೂ ಬೇಡ. ಕಾಲು ಜಾರಿದ್ದಲ್ಲ ಅಕ್ಕ. ನಡೆದೆ. ನೀರು ಎದೆಗೆ ಬಂದ್ರೂ ನಡೆದೆ. ಹಮ್ಮ ಕೂಗಿದ... ಕೂಗಿದ್ದಕ್ಕೆ ನಿಂತೆ.

ಕೈ ಬಿಡಬೇಡ. ಹೀಗೇ ಹಿಡಕಂಡಿರು ಸ್ವಲ್ಪ ಹೊತ್ತು. ಆಸ್ಪತ್ರೆಗಾ? ಹ್ಞೂಂ... ಬರ್ತೆ. ನೀನೂ ಬಾ.

ರೋಹಿಣಿಗೆ ಫೋನ್ ನೀನೇ ಮಾಡು ಅಕ್ಕ. ನಾನು ಹೇಳಿದ್ರೆ ಇದೂ ಒಂದು ಭಾಷಣ ಅಂದ್ಕಳ್ತಾಳೆ.