ಲಕ್ಷ್ಮಿಯ ಒತ್ತು

ಮುಂಬಯಿಯ ಸಯನ್ ಸ್ಟೇಷನ್ನಿನ ಬೆಂಚಿನ ಮೇಲೆ ಅಂದು ಇತ್ಯರ್ಥವಾಗಬೇಕಿದ್ದದ್ದು ಮಹತ್ತರ ವಿಷಯ: ‘ಲಕ್ಷ್ಮಿ’ ಎಂದು ಬರೆದರೆ ಮ-ಒತ್ತು ಕೆಳಗೆ ಏಕೆ ಕೂರುತ್ತಿಲ್ಲ? ಪಕ್ಕದಲ್ಲಿ ರೈಲಿಗೆ ಕಾಯುತ್ತಿದ್ದ ನಾಣಿ ಪೇಪರು ಮಡಚಿ ಕಿವಿಗೊಟ್ಟ. ವನಮಾಲಾ ಎಂಬಾಕೆ ಒಂದು ಪ್ರೆಸ್ಸಿನ ಹೊಸ ಕಂಪ್ಯೂಟರಿಗೆ ಕನ್ನಡ ಅಕ್ಷರ ಕೂರಿಸುವವಳು; ಚಂದ್ರಾಮ ಅಲ್ಲೇ ಸೀಸದ ಅಚ್ಚು ಜೋಡಿಸುವವ.

“ನಿಯಮ ಬರೆದಿದ್ದೀನಿ ಚಂದ್ರಾಮಣ್ಣ, ಆದ್ರೂ ಒತ್ತು ಪಕ್ಕದಲ್ಲೇ ನಿಲ್ಲುತ್ತೆ.”

“ಮೊದಲ ಯಾವ ನಿಯಮ ಇಟ್ಟೀರಿ?”

“ಎರಡು ಅಕ್ಷರ ಕೂಡೋದು, ಕ-ಷ. ಕ-ಷ-ಮ ಅಂತ ಮೂರು ಕೂಡೋದು ಆಮೇಲೆ.”

“ನಾಳೆ ಆಗಲಿಲ್ಲಂದ್ರ ಮಾಲಕ ಮಷೀನ್ ವಾಪಸ್ ಕಳಸ್ತಾನಂತ?”

“ಹೂಂ. ನಿಮ್ಮ ಕೆಲಸ ಉಳಿಯುತ್ತೆ.”

ಒಂದು ಲೋಕಲ್ ಬಂದು ಹೋಯಿತು. ಚಂದ್ರಾಮ ಏಳಲಿಲ್ಲ.

“ನಾವು ಮೊದಲ ಮೂರೂ ಅಕ್ಷರ ಕೂಡಿದ ದೊಡ್ಡ ಜೋಡಿ ಅಚ್ಚು ಹುಡುಕ್ತೀವ್ರೀ ಬಾಯಿ. ಅದು ಸಿಗಲಿಲ್ಲಂದ್ರಷ್ಟ ಸಣ್ಣದು. ನಿಮ್ಮ ಶಾಣ್ಯಾ ಮಷೀನ್ ಸಣ್ಣದನ್ನ ಎತ್ತಿ ಕುಂತೈತಿ. ಮೂರರ ನಿಯಮ ಮ್ಯಾಲ ಹಾಕ್ರಿ.”

ವನಮಾಲಾ ಎದ್ದು ಪ್ರೆಸ್ಸಿಗೆ ಓಡಿದಳು. ಚಂದ್ರಾಮ ಮುಂದಿನ ಲೋಕಲ್ ಹತ್ತಿದ. ಮರುದಿನ ಮ-ಒತ್ತು ಕೆಳಗೆ ಕೂತಿತು; ಕಂಪ್ಯೂಟರ್ ಉಳಿಯಿತು.